ಉಬುಂಟುವಿನಲ್ಲಿ ಪದೇ ಪದೇ ಪಾಸ್‌ವರ್ಡ್ ಕೇಳುವುದು ನಿಂತ ಬಗೆ

ಬಾಗಲಕೋಟೆಯಲ್ಲಿರುವ ನಮ್ಮ ಕಾಕಾ ಅವರ ಅಂಗಡಿಯ, ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ಕಂಪ್ಯೂಟರಿನಲ್ಲಿ ಸ್ವಯಂಚಾಲಿತ ಲಾಗಿನ್ ಇದ್ದರೂ, ಕ್ರೋಮ್ ತೆರೆದೊಡನೆ ಕೀರಿಂಗ್ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಮತ್ತೆ ಮತ್ತೆ ಮೂಡುತ್ತಿತ್ತು. ಗ್ನೋಮ್ ಕೀರಿಂಗ್ ಎಂಬುದು ಉಳಿಸಿಟ್ಟ ಪಾಸ್‌ವರ್ಡ್‌ಗಳ ತಿಜೋರಿ. ಲಾಗಿನ್ ಆಗುವಾಗ ನಾವು ಒತ್ತುವ ಪಾಸ್‌ವರ್ಡನ್ನೇ ಪಾಮ್ ಎಂಬ, ಬಳಕೆದಾರರ ಗುರುತು ಪರಿಶೀಲಿಸುವ ವ್ಯವಸ್ಥೆಯು ಈ ತಿಜೋರಿಗೆ ಕೀಲಿಯಾಗಿ ಒದಗಿಸುತ್ತದೆ. ಸ್ವಯಂಚಾಲಿತ ಲಾಗಿನ್‌ನಲ್ಲಿ ಯಾರೂ ಏನನ್ನೂ ಒತ್ತದಿರುವುದರಿಂದ ಅದು ಮುಚ್ಚಿಯೇ ಉಳಿದು, ಅದರೊಳಗಿನದು ಬೇಕಾದ ತಂತ್ರಾಂಶವು ನಮ್ಮನ್ನು ಕೇಳುತ್ತದೆ. ‘ಪಾಸ್‌ವರ್ಡ್ಸ್ ಆ್ಯಂಡ್ ಕೀಸ್’ ಎಂಬ ತಂತ್ರಾಂಶದಲ್ಲಿ ಲಾಗಿನ್ ಕೀರಿಂಗ್‌ನ ಪಾಸ್‌ವರ್ಡನ್ನು ಖಾಲಿ ಮಾಡಿದರೂ ಕಾಟ ತಪ್ಪುತ್ತದೆ, ಆದರೆ ಆಗ ಒಳಗಿನದೆಲ್ಲವೂ ಗೂಢಲಿಪಿಯ ರಕ್ಷಣೆಯಿಲ್ಲದೆ ಡಿಸ್ಕಿನಲ್ಲಿ ಉಳಿಯುತ್ತದೆ, ಗಿರಾಕಿಗಳ ಕೈಗೆಟಕುವ ಗಲ್ಲಾದ ಕಂಪ್ಯೂಟರಿಗೆ ಅದು ನನಗೆ ಸರಿಯೆನಿಸಲಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನ ಬಳಕೆದಾರರ ವಿಭಾಗದಲ್ಲಿ ಸ್ವಯಂಚಾಲಿತ ಲಾಗಿನ್ನನ್ನೇ ನಿಲ್ಲಿಸಿದೆ. ಈಗ ಕಾಕಾ ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಒತ್ತಿದರೆ ಸಾಕು, ಕೀರಿಂಗ್ ತಾನಾಗಿ ತೆರೆದುಕೊಳ್ಳುತ್ತದೆ. ಲಾಗಿನ್ ಮತ್ತು ಕೀರಿಂಗ್ ಎರಡರ ಪಾಸ್‌ವರ್ಡೂ ಒಂದೇ ಆಗಿರಬೇಕು, ಅಷ್ಟೇ.