ಸೆರಿಸಿನ್ ಪೆಪ್ಟೈಡ್‌ಗಳು ಕಾಲಮ್‌ನಲ್ಲಿ ನಿಲ್ಲದಿದ್ದಾಗ

ನಮ್ಮ ಲ್ಯಾಬ್ ಚಿಕ್ಕಬಳ್ಳಾಪುರದಲ್ಲಿದೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಅಂಟು, ಅಂದರೆ ಸೆರಿಸಿನ್ ತೆಗೆದು, ಟ್ರಿಪ್ಸಿನ್ ಎಂಬ ಕಿಣ್ವದಿಂದ ಪೆಪ್ಟೈಡ್‌ಗಳಾಗಿ, ಅಂದರೆ ಪ್ರೋಟೀನಿನ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುತ್ತಿದ್ದೆವು. ಅದಕ್ಕೂ ಮೊದಲು ಅವನ್ನು ಬೇರ್ಪಡಿಸಲು ಸಿ18 ಕಾಲಮ್ (ನೀರಿಗೆ ಒಗ್ಗದ ಅಣುಗಳನ್ನು ಹಿಡಿದಿಡುವ ನಳಿಕೆ), ಹರಿವು ನಿಮಿಷಕ್ಕೆ 300 ನ್ಯಾನೋಲೀಟರ್. ಶುರುವಿನಲ್ಲೇ ಎಲ್ಲ ಒಟ್ಟಿಗೆ ನುಗ್ಗಿ ಒಂದೇ ದಪ್ಪ ಪೀಕ್ ಬರುತ್ತಿತ್ತು. ಆಮೇಲೆ ಬಹುತೇಕ ಖಾಲಿ.

ಕಾಲಮ್ ಬದಲಿಸಿದೆವು. ಗ್ರೇಡಿಯಂಟ್, ಅಂದರೆ ಪೆಪ್ಟೈಡ್‌ಗಳನ್ನು ಕಾಲಮ್‌ನಿಂದ ಬಿಡಿಸುವ ಅಸಿಟೋನೈಟ್ರೈಲ್ ದ್ರಾವಕವನ್ನು ಮೆಲ್ಲಗೆ ಹೆಚ್ಚಿಸುವ ಅವಧಿ, 60 ನಿಮಿಷದಿಂದ 120ಕ್ಕೆ ಏರಿಸಿದೆವು. ಟ್ರಿಪ್ಸಿನ್ ಜಾಸ್ತಿ ಹಾಕಿದೆವು. ಯಾವುದೂ ಫಲ ಕೊಡಲಿಲ್ಲ. ಆದರೆ ಬಿಎಸ್‌ಎ ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ ಹಸುವಿನ ರಕ್ತದ ಪ್ರೋಟೀನ್) ಅದೇ ಕಾಲಮ್‌ನಲ್ಲಿ ಚೆನ್ನಾಗಿ ಬಿಡಿಬಿಡಿಯಾಗಿ ಬಂತು. ಅಂದರೆ ತಪ್ಪು ಇದ್ದದ್ದು ಸ್ಯಾಂಪಲ್‌ನಲ್ಲಿ, ಅಲ್ವಾ?

ಉಪ್ಪು ತೆಗೆದ ಮೇಲೆ ಪೆಪ್ಟೈಡ್‌ಗಳನ್ನು 50% ಅಸಿಟೋನೈಟ್ರೈಲ್‌ನಲ್ಲಿ ಇಳಿಸಿಕೊಂಡು, ಅರ್ಧಂಬರ್ಧ ಒಣಗಿಸಿ ಇಂಜೆಕ್ಟ್ ಮಾಡುತ್ತಿದ್ದೆವು. ಸೆರಿಸಿನ್‌ನಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ತುಂಬಾ ಜಾಸ್ತಿ. ಅದರ ಪೆಪ್ಟೈಡ್‌ಗಳು ನೀರಿನ ಕಡೆಗೇ ವಾಲುತ್ತವೆ, ಸಿ18ಗೆ ಸರಿಯಾಗಿ ಅಂಟುವುದಿಲ್ಲ. ಉಳಿದ ಅಸಿಟೋನೈಟ್ರೈಲ್ ಇದ್ದ ಹಿಡಿತವನ್ನೂ ಬಿಡಿಸುತ್ತಿತ್ತು.

ಈಗ ಮಾಡುವುದು ಹೀಗೆ. ವ್ಯಾಕ್ಯೂಮ್ ಸೆಂಟ್ರಿಫ್ಯೂಜ್‌ನಲ್ಲಿ ಪೂರ್ತಿ ಒಣಗಿಸಿ. ಒಣಗಿದ ತಕ್ಷಣ ಹೊರಗೆ ತೆಗೆಯಿರಿ. ಸುಮ್ನೆ ಬಿಟ್ಟರೆ ಪೆಪ್ಟೈಡ್ ಟ್ಯೂಬಿಗೆ ಅಂಟುತ್ತದೆ. 2% ಅಸಿಟೋನೈಟ್ರೈಲ್, 0.1% ಫಾರ್ಮಿಕ್ ಆಸಿಡ್ ಇರುವ ನೀರು 20 ಮೈಕ್ರೋಲೀಟರ್ ಹಾಕಿ. 10 ನಿಮಿಷ ಬಿಟ್ಟು ವೋರ್ಟೆಕ್ಸ್ ಮಾಡಿ. 14,000 ಜಿಯಲ್ಲಿ 10 ನಿಮಿಷ ತಿರುಗಿಸಿ, ತಳ ಮುಟ್ಟದೆ ಮೇಲಿನದ್ದನ್ನು ಮಾತ್ರ ತೆಗೆದುಕೊಳ್ಳಿ. 2 ಮೈಕ್ರೋಲೀಟರ್ ಇಂಜೆಕ್ಟ್ ಮಾಡಿ.

ಗ್ರೇಡಿಯಂಟ್: ಮೊದಲ 5 ನಿಮಿಷ ಅಸಿಟೋನೈಟ್ರೈಲ್ 2%ರಲ್ಲೇ ನಿಲ್ಲಿಸಿ. ಇದನ್ನು ಬಿಡಬೇಡಿ. ಆಮೇಲೆ 60 ನಿಮಿಷದಲ್ಲಿ 30%, 5 ನಿಮಿಷ 80%, ಮತ್ತೆ 2%ಕ್ಕೆ ಇಳಿಸಿ 15 ನಿಮಿಷ. ಉಪ್ಪು ತೊಳೆಯುವ ದ್ರಾವಣದಲ್ಲೂ ಅಸಿಟೋನೈಟ್ರೈಲ್ ಇರಬಾರದು.