ಝೋನ್ ಕಂಡದ್ದೆಲ್ಲ ಬ್ಯಾಕ್ಟೀರಿಯೊಸಿನ್ ಅಲ್ಲ: ಲ್ಯಾಬಿನಲ್ಲಿ ಪತ್ತೆ ಹಚ್ಚುವುದು ಹೇಗೆ?

ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು ತೋರಿಸಲು ವಿದ್ಯಾರ್ಥಿಗಳು ಅಗರ್ ಪ್ಲೇಟ್ ಹಾಕುತ್ತಾರೆ. ಅಗರಿನಲ್ಲಿ ಕೊರೆದ ಬಾವಿಯ (ಚಿಕ್ಕ ಗುಳಿಯ) ಸುತ್ತ ಏನೂ ಬೆಳೆಯದ ಝೋನ್ ಕಂಡರೆ ಸಾಕು, ‘ಬ್ಯಾಕ್ಟೀರಿಯೊಸಿನ್ (ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರೋಟೀನು) ಇದೆ’ ಎಂದು ರಿಪೋರ್ಟ್ ಬರೆದುಬಿಡುತ್ತಾರೆ. ಎಷ್ಟೋ ಸಲ ಅದು ಬರೀ ಲ್ಯಾಕ್ಟಿಕ್ ಆಮ್ಲದ ಕೆಲಸ. ಈ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ, ಗಾಳಿ ಸಿಕ್ಕರೆ ಹೈಡ್ರೋಜನ್ ಪೆರಾಕ್ಸೈಡನ್ನೂ ಬಿಡುತ್ತದೆ. ಬ್ಯಾಕ್ಟೀರಿಯೊಸಿನ್ ಮಾತ್ರ ಎಲ್ಲದರಲ್ಲೂ ಇರುವುದಿಲ್ಲ. ಕೊಂದದ್ದು ಯಾವುದು ಎಂದು ಬಿಡಿಸಿ ನೋಡಬೇಕಲ್ವಾ?

ಮೊದಲು ಪ್ರೊಬಯಾಟಿಕ್ ಬ್ಯಾಕ್ಟೀರಿಯಾವನ್ನು ಎಂಆರ್‌ಎಸ್ ಬ್ರಾತಿನಲ್ಲಿ (ಇಂಥ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವದಲ್ಲಿ) ರಾತ್ರಿಯಿಡೀ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಿ.

ಎಡವುವುದು ಇಲ್ಲಿಂದ ಮುಂದೆ. ಆ ತಿಳಿಯ ಪಿಎಚ್ ಸುಮಾರು 4ಕ್ಕೆ ಇಳಿದಿರುತ್ತದೆ. ಅಷ್ಟು ಹುಳಿಯಲ್ಲಿ ಲ್ಯಾಕ್ಟಿಕ್ ಆಮ್ಲದ ಅರ್ಧಕ್ಕೆ ಹತ್ತಿರದಷ್ಟು ಅಯಾನುಗಳಾಗಿ ಒಡೆಯದೆ ಹಾಗೇ ಇರುತ್ತದೆ. ಒಡೆಯದ ಆಮ್ಲ ಕೋಶದ ಪೊರೆ ದಾಟಿ ಒಳಗೆ ಹೋಗಿ ಅಲ್ಲಿ ಒಡೆಯುತ್ತದೆ, ಒಳಗೆಲ್ಲ ಹುಳಿ ಮಾಡುತ್ತದೆ. ಆದ್ದರಿಂದ ತೆಳು ಸೋಡಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಹಾಕಿ, ಕಲಕುತ್ತಾ ಪಿಎಚ್ 6.5ಕ್ಕೆ ತನ್ನಿ. ಮೀಟರನ್ನೇ ಬಳಸಿ. ಬ್ರಾತ್ ಕಂದು ಬಣ್ಣ, ಪಿಎಚ್ ಪೇಪರಿನ ಬಣ್ಣ ಸರಿಯಾಗಿ ಕಾಣುವುದೇ ಇಲ್ಲ. ಜಾಸ್ತಿ ಆಯಿತೆಂದು ಮತ್ತೆ ಆಮ್ಲ ಸುರಿಯಬೇಡಿ, ಸುಮ್ನೆ ಉಪ್ಪು ಹೆಚ್ಚುತ್ತದೆ. ಬೇರೆ ತಿಳಿ ತೆಗೆದುಕೊಳ್ಳಿ.

ಕ್ರಮ ಮಾತ್ರ ತಪ್ಪಬಾರದು. ಕೋಶಗಳನ್ನು ತೆಗೆದ ಮೇಲೆಯೇ ಪಿಎಚ್ ಏರಿಸಬೇಕು. ಪಿಎಚ್ 6ರ ಆಸುಪಾಸಿನಲ್ಲಿ ನೈಸಿನ್‌ನಂಥ ಬ್ಯಾಕ್ಟೀರಿಯೊಸಿನ್ ತನ್ನನ್ನು ತಯಾರಿಸಿದ ಕೋಶಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿದರೆ ನೀವು ಹುಡುಕುತ್ತಿದ್ದದ್ದು ತಳದ ಗಸಿಯ ಜೊತೆ ಕಸದ ಬುಟ್ಟಿ ಸೇರುತ್ತದೆ. ಇನ್ನೊಂದು, ಹೋಲಿಸಿ ನೋಡಲು ಕಂಟ್ರೋಲ್ ಬೇಕೇ ಬೇಕು: ಬ್ಯಾಕ್ಟೀರಿಯಾ ಹಾಕದ ಬ್ರಾತಿಗೆ ಲ್ಯಾಕ್ಟಿಕ್ ಆಮ್ಲ ಬೆರೆಸಿ ಪಿಎಚ್ 4ಕ್ಕೆ ಇಳಿಸಿ, ಅದನ್ನೂ ಹೀಗೇ 6.5ಕ್ಕೆ ತನ್ನಿ.

ಈಗ 0.22 ಮೈಕ್ರಾನ್ ಫಿಲ್ಟರ್. ಇದನ್ನು ಬಿಟ್ಟರೆ ಉಳಿದ ಕೋಶಗಳು ಬಾವಿಯಲ್ಲೇ ಬೆಳೆದು ಹೊಸದಾಗಿ ಆಮ್ಲ ಬಿಡುತ್ತವೆ. ನೈಲಾನ್ ಫಿಲ್ಟರ್ ಬೇಡವೇ ಬೇಡ, ಪ್ರೋಟೀನನ್ನು ಹೀರಿಕೊಳ್ಳುತ್ತದೆ. ಪಾಲಿಈಥರ್‌ಸಲ್ಫೋನ್ ಒಳ್ಳೆಯದು. ಫಿಲ್ಟರಿನ ಬದಲು ಕುದಿಸುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಆದರೆ ಕೆಲವು ಬ್ಯಾಕ್ಟೀರಿಯೊಸಿನ್ ಶಾಖ ತಡೆಯುವುದಿಲ್ಲ.

ಸೋಸಿದ್ದನ್ನು ಮೂರು ಪಾಲು ಮಾಡಿ. ಒಂದು ಹಾಗೇ ಇರಲಿ. ಇನ್ನೊಂದಕ್ಕೆ ಕ್ಯಾಟಲೇಸ್ ಹಾಕಿ, ಪೆರಾಕ್ಸೈಡ್ ಹೋಗುತ್ತದೆ. ಮೂರನೆಯದಕ್ಕೆ ಪ್ರೋಟೀನನ್ನು ಒಡೆಯುವ ಕಿಣ್ವ ಪ್ರೊಟಿನೇಸ್ ಕೆ. ಅಂಥದೇ ಇನ್ನೊಂದು ಕಿಣ್ವವಾದ ಟ್ರಿಪ್ಸಿನ್ ಒಂದನ್ನೇ ನಂಬಬೇಡಿ, ನೈಸಿನ್ ಅದಕ್ಕೆ ಜಗ್ಗುವುದಿಲ್ಲ.

ಪ್ಲೇಟಿನಲ್ಲಿ ಸಾಯಬೇಕಾದ ಬ್ಯಾಕ್ಟೀರಿಯಾ ಎಂದು ಇ. ಕೋಲೈ ಬಳಸಿ ‘ಏನೂ ಬರಲಿಲ್ಲ’ ಎನ್ನುವವರೇ ಹೆಚ್ಚು. ನೈಸಿನ್ ಹಿಡಿಯುವುದು ಲಿಪಿಡ್ 2 ಎಂಬ ಅಣುವನ್ನು. ಅದನ್ನು ಹಿಡಿದು ಪೊರೆಯಲ್ಲಿ ತೂತು ಕೊರೆಯುತ್ತದೆ. ಇ. ಕೋಲೈಗೆ ಇನ್ನೊಂದು ಹೊರಪೊರೆ ಇರುವುದರಿಂದ ಅಲ್ಲಿಯವರೆಗೆ ತಲುಪುವುದೇ ಕಷ್ಟ. ಆ ಹೊರಪೊರೆ ಇಲ್ಲದ ಮೈಕ್ರೊಕಾಕಸ್ ಲೂಟಿಯಸ್ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. 6 ಮಿ.ಮೀ. ಬಾವಿ ಕೊರೆದು, ತಳಕ್ಕೆ ಒಂದು ಹನಿ ಕರಗಿದ ಅಗರ್ ಬಿಡಿ. ಇಲ್ಲದಿದ್ದರೆ ದ್ರವ ಅಡಿಗೆ ಜಾರಿ ಝೋನ್ ಒಂದು ಕಡೆ ವಾಲುತ್ತದೆ. ಮೂರು ಪಾಲನ್ನೂ ಕಂಟ್ರೋಲನ್ನೂ ಬೇರೆ ಬೇರೆ ಬಾವಿಗೆ ಹಾಕಿ. ಎರಡು ಗಂಟೆ ಫ್ರಿಜ್, ಆಮೇಲೆ ಇನ್‌ಕ್ಯುಬೇಟರ್.

ಕ್ಯಾಟಲೇಸ್ ಹಾಕಿದರೂ ಝೋನ್ ಉಳಿದು, ಪ್ರೊಟಿನೇಸ್ ಹಾಕಿದಲ್ಲಿ ಮಾಯವಾಗಿ, ಕಂಟ್ರೋಲ್ ಸುತ್ತ ಏನೂ ಕಾಣದಿದ್ದರೆ ಬ್ಯಾಕ್ಟೀರಿಯೊಸಿನ್ ಎಂದು ಬರೆಯಬಹುದು. ಪ್ರೊಟಿನೇಸಿಗೂ ಹೋಗದಿದ್ದರೆ ಬೇರೇನೋ ಇದೆ. ಉದಾಹರಣೆಗೆ, ಲಿಮೊಸಿಲ್ಯಾಕ್ಟೊಬ್ಯಾಸಿಲಸ್ ರ್ಯೂಟೆರಿ ಎಂಬ ಬ್ಯಾಕ್ಟೀರಿಯಾದ ತಳಿಗಳು ಗ್ಲಿಸರಾಲಿನಿಂದ ತಯಾರಿಸುವ ರ್ಯೂಟೆರಿನ್ ಪ್ರೋಟೀನೇ ಅಲ್ಲ.