ಡ್ಯೂಟಿ ಚಾರ್ಟ್ ಹಾಕುವವಳ ಅನುಭವ

ನಮ್ಮದು 40 ಹಾಸಿಗೆಯ ಮೆಡಿಕಲ್ ವಾರ್ಡ್. ನಾನು ಇನ್‌ಚಾರ್ಜ್ ಸಿಸ್ಟರ್ ಆದಾಗ ನನ್ನನ್ನೂ ಸೇರಿಸಿ ಇದ್ದವರು 7 ಜನ. ವೈದ್ಯಕೀಯ ಕಾಲೇಜಿಲ್ಲದ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಹೇಳುವುದು 5 ರೋಗಿಗಳಿಗೆ ಒಬ್ಬ ನರ್ಸ್, ರಜೆಯವರ ಬದಲಿಗೆ ಇನ್ನೂ ಶೇ 30. ಆ ಲೆಕ್ಕದಲ್ಲಿ 10 ಜನರಾದರೂ ಬೇಕು. ಬರೆದು ಕಳಿಸಿದೆ. ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ನೈಟ್ ಮುಗಿಸಿದ ಹುಡುಗಿಯೊಬ್ಬಳು ವರ್ಗಾವಣೆ ಅರ್ಜಿ ಹಿಡಿದು ನಿಂತಳು. ಕೆಲಸ ಜಾಸ್ತಿಯಾಯಿತೇನಮ್ಮ ಎಂದೆ. "ಕೆಲಸಕ್ಕೆ ಹೆದರಲ್ಲ ಮೇಡಂ. ನಾಳೆ ಯಾವ ಡ್ಯೂಟಿ ಅಂತ ರಾತ್ರಿ ಫೋನ್ ಬಂದ ಮೇಲೇ ಗೊತ್ತಾಗತ್ತೆ. ಮಗೂನ ಯಾರ ಹತ್ರ ಬಿಡ್ಲಿ?" ಎಂದಳು. ಆ ಫೋನ್ ಮಾಡುತ್ತಿದ್ದವಳು ನಾನೇ. ಅವಳ ಅರ್ಜಿಗೆ ಅರ್ಧ ಕಾರಣ ನಾನು ಎಂದು ಅವತ್ತು ತಿಳಿಯಿತು.

ಅಲ್ಲಿಂದ ಪ್ರತಿ ತಿಂಗಳ 25ಕ್ಕೆ ಮುಂದಿನ ತಿಂಗಳ ಚಾರ್ಟ್ ಗೋಡೆಗೆ ಬೀಳಬೇಕು ಎಂದು ಪಟ್ಟು ಹಿಡಿದೆ. 20ರೊಳಗೆ ಬೇಕಾದ ರಜೆಯನ್ನು ಪುಸ್ತಕದಲ್ಲಿ ಬರೆಯಬೇಕು: ಮಗುವಿನ ಪರೀಕ್ಷೆ, ಊರಹಬ್ಬ, ಏನೇ ಇರಲಿ. ಇಬ್ಬರು ಒಪ್ಪಿ ಸಹಿ ಹಾಕಿದರೆ ಡ್ಯೂಟಿ ಅದಲುಬದಲು ಮಾಡಿಕೊಳ್ಳಬಹುದು. ರಾತ್ರಿ 8ರಿಂದ ಬೆಳಿಗ್ಗೆ 8ರ ನೈಟ್ ಡ್ಯೂಟಿಗೆ ನನ್ನ ಹೆಸರನ್ನೂ ಹಾಕಿಕೊಂಡೆ. 40 ಹಾಸಿಗೆಗೆ ಒಬ್ಬಳೇ ಇದ್ದು, ಎರಡು ಡ್ರಿಪ್ ಒಟ್ಟಿಗೆ ಮುಗಿಯುವಾಗ ಮೂರನೆಯವರಿಗೆ ಉಸಿರಾಟ ಏರಿದರೆ ಏನಾಗುತ್ತದೆ ಎಂಬುದು ಬೆಳಗಿನ ಪಾಳಿಯಲ್ಲಿ ಕೂತವರಿಗೆ ಅರ್ಥವಾಗದು. ನೈಟ್‌ನವರು ಸ್ವಲ್ಪ ಕೂತು ಸುಧಾರಿಸಿಕೊಳ್ಳಲೆಂದು ಬಟ್ಟೆ-ಹೊದಿಕೆ ಇಡುವ ಹಳೆಯ ಲಿನನ್ ಕೋಣೆ ಖಾಲಿ ಮಾಡಿಸಿ, ಒಳಗಿನಿಂದ ಚಿಲಕ ಹಾಕಿಸಿ, ಕುಡಿಯುವ ನೀರು ಇಡಿಸಿದ್ದು ಅಂಥ ಒಂದು ರಾತ್ರಿಯ ಮಾರನೆಯ ದಿನ.

ಎಲ್ಲವೂ ಕೈಗೂಡಲಿಲ್ಲ. ಪ್ರತಿ ಹಾಸಿಗೆಯ ಪಕ್ಕ ನಿಂತು ಹ್ಯಾಂಡೋವರ್ ಕೊಡಬೇಕು, ಅಂದರೆ ಮುಂದಿನ ಪಾಳಿಯವರಿಗೆ ರೋಗಿಯ ವಿವರ ಒಪ್ಪಿಸಬೇಕು ಎಂದೆ. ಮುಕ್ಕಾಲು ಗಂಟೆ ಹಿಡಿದು ಎಲ್ಲರ ಬಸ್ ತಪ್ಪಿತು. ಈಗ ಸೀರಿಯಸ್ ರೋಗಿಗಳ ಹತ್ತಿರ ಮಾತ್ರ.

ಹೆಚ್ಚು ಬದಲಾವಣೆ ತಂದದ್ದು ಬೇರೆಯೇ ಒಂದು ಘಟನೆ. ರೌಂಡ್ಸ್‌ನಲ್ಲಿ ರಕ್ತದ ರಿಪೋರ್ಟ್ ಬಂದಿಲ್ಲವೆಂದು ಡಾಕ್ಟರು ರೋಗಿಯ ಮನೆಯವರ ಎದುರೇ ಒಬ್ಬ ಸಿಸ್ಟರ್ ಮೇಲೆ ರೇಗಿದರು. "ಸರ್, ವಾರ್ಡಿನ ತಪ್ಪಾದರೆ ನನಗೆ ಹೇಳಿ, ಇಲ್ಲಿ ಬೇಡ" ಎಂದೆ. ಎದೆ ಬಡಿದುಕೊಳ್ಳುತ್ತಿತ್ತು. ರಿಜಿಸ್ಟರ್ ತೆಗೆದರೆ ಸ್ಯಾಂಪಲ್ ಬೆಳಿಗ್ಗೆ 6ಕ್ಕೇ ಲ್ಯಾಬ್‌ಗೆ ಹೋಗಿತ್ತು. ಡಾಕ್ಟರಿಗೂ ತೋರಿಸಿದೆ. ಆಮೇಲೆ ನಮ್ಮ ಹುಡುಗಿಯರು ತಪ್ಪಾದರೆ ಮುಚ್ಚಿಡದೆ ನೇರ ನನ್ನ ಬಳಿ ಬರತೊಡಗಿದರು. ತಪ್ಪಿದ ಡೋಸ್ ಅದೇ ಗಂಟೆಯಲ್ಲಿ ಗೊತ್ತಾದರೆ ಸರಿಪಡಿಸಬಹುದು.

ವರ್ಗಾವಣೆ ಅರ್ಜಿಯನ್ನು ಆ ಹುಡುಗಿ ವಾಪಸ್ ಪಡೆದಳು. ಆದರೆ ಹೊರಗುತ್ತಿಗೆಯ ಇಬ್ಬರಿಗೆ ಅದೇ ಕೆಲಸ, ಅದೇ ರಾತ್ರಿ, ತೀರಾ ಕಡಿಮೆ ಸಂಬಳ. ಅದನ್ನು ನನ್ನ ಯಾವ ಚಾರ್ಟೂ ಸರಿಮಾಡದು. ಒಬ್ಬಳು ಕಳೆದ ತಿಂಗಳು ಬಿಟ್ಟು ಹೋದಳು. ಅವಳ ಪಾಲಿನ ನೈಟ್‌ಗಳನ್ನು ಈ ತಿಂಗಳು ನಾನೂ ಇನ್ನಿಬ್ಬರೂ ಹಂಚಿಕೊಂಡಿದ್ದೇವೆ.